ರಾಜಕಾಲುವೆಯಲ್ಲಿ ಕಾಣುವ ಪುಟ್ಟ ಮೀನು ಯಾವುದು? ಅದನ್ನು ಹಿಡಿದು ಒಳ್ಳೆಯ ನೀರಿಗೆ ಬಿಡಬಹುದೇ?

ಸಾರಾಂಶ

ಬೆಂಗಳೂರಿನ ಪಶ್ಚಿಮ ಭಾಗದ ಕಾಲುವೆಗಳಲ್ಲಿ ಕಾಣುವ ಎರಡು ಬೆರಳಗಲದ ಮೀನುಗಳನ್ನು ಅನೇಕರು ‘ಮಿನ್ನೋ’ ಎಂದೋ, ದೊಡ್ಡ ಮೀನಿನ ಮರಿ ಎಂದೋ ಭಾವಿಸುತ್ತಾರೆ. ಕೊಳಚೆ ಸೇರುವ ನೀರಿನಲ್ಲಿ ಕಾಣುವವು ಬಹುಮಟ್ಟಿಗೆ ಇವೆರಡೂ ಅಲ್ಲ. ಅವು ಹೊರದೇಶಗಳಿಂದ ಬಂದ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನುಗಳು. ನಮ್ಮ ನೆಲದ ನಿಜವಾದ ಮಿನ್ನೋಗಳಿಗೆ ಬೇಕಾದ ತೊರೆಯೇ ಬೇರೆ. ಇವುಗಳನ್ನು ಗುರುತಿಸುವುದು ಹೇಗೆ, ಗುರುತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇವೆ.

ಪ್ರಶ್ನೆ ಬಂದದ್ದು ಎಲ್ಲಿಂದ?

ಬಸವೇಶ್ವರನಗರದ ಓದುಗರೊಬ್ಬರು ನಮಗೆ ಒಂದು ಚಿತ್ರ ಕಳುಹಿಸಿದ್ದರು. ಹಾರ್ಲಿಕ್ಸ್ ಬಾಟಲಿಯಲ್ಲಿ ಮೂರು ಬೂದು ಬಣ್ಣದ ಮೀನುಗಳು. ಮನೆಯ ಹಿಂದಿನ ಕಾಲುವೆಯಲ್ಲಿ ಮಗ ಹಿಡಿದು ತಂದದ್ದಂತೆ. ಐದನೇ ಕ್ಲಾಸಿನ ಆ ಹುಡುಗನಿಗೆ ಮೀನುಗಳ ಮೇಲೆ ಕನಿಕರ. ಇಷ್ಟು ಗಲೀಜು ನೀರಿನಲ್ಲಿ ಪಾಪ ಅವು ಹೇಗೆ ಬದುಕಬೇಕು, ಭಾನುವಾರ ಮಂಚನಬೆಲೆ ಕಡೆ ಹೋದಾಗ ಅಲ್ಲಿನ ಹಳ್ಳಕ್ಕೆ ಬಿಟ್ಟು ಬರೋಣ ಎಂದು ಹಟ ಹಿಡಿದಿದ್ದಾನೆ. ಇದು ಯಾವ ಮೀನು, ಬಿಡಬಹುದೇ ಎಂಬುದು ಅವರ ಪ್ರಶ್ನೆ.

ಹುಡುಗನ ಕನಿಕರ ದೊಡ್ಡದು. ಆದರೆ ಉತ್ತರ ಮಾತ್ರ ‘ಬಿಡಬೇಡಿ’ ಎಂಬುದೇ. ಆ ಮೂರು ಮೀನುಗಳನ್ನು ಕಾಪಾಡಲು ಹೋಗಿ, ಹಳ್ಳದಲ್ಲಿ ಮೊದಲಿನಿಂದ ಇರುವ ಮೀನುಗಳಿಗೆ ಕಷ್ಟ ತಂದಂತಾಗುತ್ತದೆ. ಹಾಗೆಂದು ಹೇಳಿದರೆ ಸಾಲದು, ಏಕೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮಿನ್ನೋ ಎಂದರೇನು?

‘ಮಿನ್ನೋ’ ಒಂದೇ ಜಾತಿಯ ಮೀನಿನ ಹೆಸರಲ್ಲ. ಗೆಂಡೆ ಮೀನುಗಳ ದೊಡ್ಡ ಬಳಗಕ್ಕೆ ಸೇರಿದ, ಗಾತ್ರದಲ್ಲಿ ಸಣ್ಣದಾಗಿಯೇ ಉಳಿಯುವ ಸಿಹಿನೀರಿನ ಮೀನುಗಳಿಗೆ ಇಂಗ್ಲಿಷಿನಲ್ಲಿ ಬಳಸುವ ಒಟ್ಟು ಹೆಸರು. ನಾವು ಮಾರುಕಟ್ಟೆಯಲ್ಲಿ ನೋಡುವ ಕಾಟ್ಲಾ, ರೋಹು ಇದೇ ಬಳಗದ ದೊಡ್ಡಣ್ಣಂದಿರು. ಈ ಬಳಗದ ಮೀನುಗಳ ದವಡೆಯಲ್ಲಿ ಹಲ್ಲುಗಳಿರುವುದಿಲ್ಲ. ಆಹಾರ ಅರೆಯುವ ಹಲ್ಲುಗಳು ಗಂಟಲಿನಲ್ಲಿ ಇರುತ್ತವೆ. ಹೆಚ್ಚಿನವುಗಳ ಬಾಲ ಕತ್ತರಿಯಂತೆ ಎರಡಾಗಿ ಸೀಳಿರುತ್ತದೆ. ಇವು ಮೊಟ್ಟೆ ಇಡುವ ಮೀನುಗಳು.

ಕನ್ನಡದಲ್ಲಿ ಇವುಗಳಿಗೆ ಊರಿಗೊಂದು ಹೆಸರಿದೆ. ಒಂದೇ ಹೆಸರನ್ನು ಎರಡು ಮೂರು ಜಾತಿಗಳಿಗೆ ಕರೆಯುವುದೂ ಉಂಟು. ಹಾಗಾಗಿ ಗುರುತಿಸುವಾಗ ಹೆಸರಿಗಿಂತ ದೇಹದ ಲಕ್ಷಣಗಳನ್ನು ನಂಬುವುದು ಒಳ್ಳೆಯದು.

ಎಲ್ಲ ಸಣ್ಣ ಮೀನುಗಳೂ ದೊಡ್ಡ ಮೀನಿನ ಮರಿಗಳೇ?

ಅಲ್ಲ. ಇದು ಬಹಳ ಸಾಮಾನ್ಯವಾದ ತಪ್ಪು ಕಲ್ಪನೆ. ಜೀಬ್ರಾ ಮೀನು ಪೂರ್ಣ ಬೆಳೆದಾಗಲೂ 4 ಸೆಂಟಿಮೀಟರಿನ ಆಸುಪಾಸಿನಲ್ಲಿಯೇ ಇರುತ್ತದೆ. ಗಂಡು ಗಪ್ಪಿ 3 ಸೆಂಟಿಮೀಟರ್ ದಾಟುವುದು ಅಪರೂಪ. ಅಂದರೆ ಬಾಟಲಿಯಲ್ಲಿರುವ ‘ಮರಿ’ ನಿಜಕ್ಕೂ ಬಸುರಿ ತಾಯಿ ಮೀನು ಆಗಿರಬಹುದು. ಆ ಸಾಧ್ಯತೆ ಏಕೆ ಮುಖ್ಯ ಎಂಬುದು ಮುಂದೆ ತಿಳಿಯುತ್ತದೆ.

ನಮ್ಮ ತೊರೆಗಳ ಮಿನ್ನೋಗಳು ಯಾವುವು?

ಕಾವೇರಿ ಕಣಿವೆಯ ಹಳ್ಳ, ತೊರೆ, ಕೆರೆಗಳಲ್ಲಿ ಇಂತಹ ಪುಟ್ಟ ಮೀನುಗಳು ಅನೇಕ ಇವೆ. ಗುರುತಿಸಲು ಕಲಿಯುವವರು ಮೂರರಿಂದ ಶುರು ಮಾಡಬಹುದು.

1. ರಾಸ್ಬೋರಾ. ಉದ್ದನೆಯ, ಬೆಳ್ಳಿ ಬಣ್ಣದ ಮೈ. ಪಕ್ಕದಲ್ಲಿ ತಲೆಯ ಕಡೆಯಿಂದ ಬಾಲದ ಬುಡದವರೆಗೆ ಒಂದೇ ಒಂದು ಕಪ್ಪು ಪಟ್ಟೆ. ಬಾಯಿಯ ಬಳಿ ಮೀಸೆ ಇಲ್ಲ. ಬಾಲ ಚೆನ್ನಾಗಿ ಸೀಳಿರುತ್ತದೆ. ಸಾಮಾನ್ಯವಾಗಿ ಬೆರಳುದ್ದ ಇರುತ್ತದೆ, ಇನ್ನೂ ದೊಡ್ಡದಾಗಿ ಬೆಳೆಯುವುದೂ ಉಂಟು. ಬಹಳ ಕಾಲ ಇವನ್ನೆಲ್ಲ ರಾಸ್ಬೋರಾ ಡ್ಯಾನಿಕೋನಿಯಸ್ ಎಂದೇ ಕರೆಯುತ್ತಿದ್ದರು. 2010ರಲ್ಲಿ ಶ್ರೀಲಂಕಾದ ರಾಸ್ಬೋರಾಗಳನ್ನು ಮರುಪರಿಶೀಲಿಸಿದ ತಜ್ಞರು ಶ್ರೀಲಂಕಾ ಮತ್ತು ದಕ್ಷಿಣ ಭಾರತದ ಮೀನಿಗೆ ರಾಸ್ಬೋರಾ ಡ್ಯಾಂಡಿಯಾ ಎಂಬ ಹಳೆಯ ಹೆಸರನ್ನು ಮತ್ತೆ ಬಳಕೆಗೆ ತಂದರು. ಆದ್ದರಿಂದ ಹಳೆಯ ಮತ್ತು ಹೊಸ ಪುಸ್ತಕಗಳಲ್ಲಿ ಹೆಸರು ಬೇರೆ ಬೇರೆ ಕಂಡರೆ ಗಾಬರಿಯಾಗಬೇಡಿ.

2. ಜೀಬ್ರಾ ಮೀನು, ಅಂದರೆ ಡ್ಯಾನಿಯೊ ರೆರಿಯೊ. ಮೈಯುದ್ದಕ್ಕೂ ಸುಮಾರು ಐದು ನೀಲಿ ಪಟ್ಟೆಗಳು. ಆ ಪಟ್ಟೆಗಳು ಬಾಲದವರೆಗೂ ಸಾಗುತ್ತವೆ, ಹೊಟ್ಟೆಯ ಹಿಂದಿರುವ ಗುದದ ಈಜುರೆಕ್ಕೆಯ ಮೇಲೂ ಇರುತ್ತವೆ. ಬಾಯಿಯ ಬಳಿ ಎರಡು ಜೊತೆ ಸಣ್ಣ ಮೀಸೆಗಳಿವೆ, ಕಾಣಲು ಭೂತಗನ್ನಡಿ ಬೇಕಾಗಬಹುದು. ಗಂಡು ತೆಳ್ಳಗೆ, ಪಟ್ಟೆಗಳ ನಡುವೆ ಹೊಂಬಣ್ಣ. ಹೆಣ್ಣು ದುಂಡಗೆ, ಹೊಟ್ಟೆ ಬೆಳ್ಳಿಯ ಬಣ್ಣ.

3. ಡೆವಾರಿಯೊ. ಜೀಬ್ರಾ ಮೀನಿನ ಹತ್ತಿರದ ನೆಂಟ, ಆದರೆ ಎರಡು ಪಟ್ಟು ದೊಡ್ಡದು, ಮೈ ಅಗಲ. ಪಕ್ಕದಲ್ಲಿ ನೀಲಿ ಪಟ್ಟೆಗಳು, ಅವುಗಳ ನಡುವೆ ಹಳದಿ ಗೆರೆಗಳು. ತಲೆಯ ಹಿಂದೆ ಆ ಗೆರೆಗಳು ಮುರಿದು ಚುಕ್ಕೆಗಳಂತೆ ಕಾಣುವುದುಂಟು. ಇದು ಹರಿಯುವ ನೀರಿನ ಮೀನು. ನೀರಿನ ಮೇಲ್ಭಾಗದಲ್ಲಿ ಗುಂಪಾಗಿ, ಹರಿವಿಗೆ ಎದುರಾಗಿ ನಿಂತಿರುತ್ತದೆ.

ಇವುಗಳಲ್ಲಿ ಮೊದಲ ಎರಡಕ್ಕೆ ಬೆಂಗಳೂರಿನ ಜೊತೆ ಒಂದು ದೂರದ ನಂಟಿದೆ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ಸೇರಿದಂತೆ ಮೈಸೂರು ಸೀಮೆಯನ್ನು ಸುತ್ತಿದ. ಕೃಷಿ, ನೀರಾವರಿ, ಜನಜೀವನದ ಬಗ್ಗೆ ಆತ ಬರೆದ ವರದಿ 1807ರಲ್ಲಿ ಪ್ರಕಟವಾಯಿತು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಸೇರಿಸಿಕೊಂಡ ಅದೇ ವ್ಯಕ್ತಿ ಗಂಗಾ ನದಿಯ ಮೀನುಗಳ ಬಗ್ಗೆ 1822ರಲ್ಲಿ ಪುಸ್ತಕ ಪ್ರಕಟಿಸಿದ. ಜೀಬ್ರಾ ಮೀನು ಮತ್ತು ರಾಸ್ಬೋರಾ ಡ್ಯಾನಿಕೋನಿಯಸ್ ವಿಜ್ಞಾನ ಲೋಕಕ್ಕೆ ಪರಿಚಯವಾದದ್ದು ಆ ಪುಸ್ತಕದಿಂದ.

ಇನ್ನೂರು ವರ್ಷಗಳ ನಂತರ ಜೀಬ್ರಾ ಮೀನು ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಇದೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿಯೂ ಅದರ ಮೇಲೆ ಸಂಶೋಧನೆ ನಡೆಯುತ್ತದೆ. ಅದರ ಭ್ರೂಣ ಪಾರದರ್ಶಕವಾಗಿರುವುದರಿಂದ ಹೃದಯ, ನರಗಳು ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಹುದು. 2013ರಲ್ಲಿ ಪ್ರಕಟವಾದ ಅದರ ಜೀನೋಮ್ ವಿವರದ ಪ್ರಕಾರ ಮನುಷ್ಯನ ಸುಮಾರು 70 ಶೇಕಡಾ ಜೀನ್‌ಗಳಿಗೆ ಆ ಮೀನಿನಲ್ಲಿ ಸಾಟಿಯಾದ ಜೀನ್ ಇದೆ. ನಮ್ಮ ಗದ್ದೆ ಬದಿಯ ಮೀನು ಎಂದು ಕಡೆಗಣಿಸುವಂಥದ್ದಲ್ಲ ಅದು.

ಹಾಗಾದರೆ ಕಾಲುವೆಯಲ್ಲಿರುವ ಮೀನು ಯಾವುದು?

ಓದುಗರು ಕಳುಹಿಸಿದ ಚಿತ್ರದಲ್ಲಿ ಮೀನಿನ ಬಾಲ ಬೀಸಣಿಗೆಯಂತೆ ದುಂಡಗಿತ್ತು. ಮೈಮೇಲೆ ಉದ್ದ ಪಟ್ಟೆ ಇರಲಿಲ್ಲ. ಬಾಯಿ ಮೇಲ್ಮುಖವಾಗಿತ್ತು. ಒಂದು ಮೀನಿನ ಹೊಟ್ಟೆ ಉಬ್ಬಿತ್ತು, ಅದರ ಹಿಂಭಾಗದಲ್ಲಿ ಕಪ್ಪು ಕಲೆ ಇತ್ತು. ಇವೆಲ್ಲ ಮರಿ ಹಾಕುವ ಮೀನುಗಳ ಲಕ್ಷಣಗಳು. ಈ ಗುಂಪಿನಲ್ಲಿ ನಮ್ಮ ಊರಿನ ಕಾಲುವೆ, ಕೆರೆಗಳಿಗೆ ಹೊಕ್ಕಿರುವವು ಮುಖ್ಯವಾಗಿ ಎರಡು.

ಗಪ್ಪಿ ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್‌ನಂತಹ ದ್ವೀಪಗಳ ಮೀನು. ಗಂಡಿನ ಬಾಲದಲ್ಲಿ ಕಿತ್ತಳೆ, ನೀಲಿ, ಕಪ್ಪು ಚುಕ್ಕೆಗಳಿರುತ್ತವೆ. ಹೆಣ್ಣು ಬರೀ ಬೂದು.

ಗ್ಯಾಂಬೂಸಿಯಾ, ಅಂದರೆ ‘ಸೊಳ್ಳೆ ಮೀನು’, ಉತ್ತರ ಅಮೆರಿಕದ್ದು. ಗಂಡು ಹೆಣ್ಣು ಎರಡೂ ಬೂದು. ಬೆನ್ನಿನ ಈಜುರೆಕ್ಕೆ ಬಾಲದ ಕಡೆಗೆ ಸರಿದಿರುತ್ತದೆ, ಕೆಳಗಿನ ಗುದದ ಈಜುರೆಕ್ಕೆ ಶುರುವಾದ ಮೇಲೆ ಅದು ಶುರುವಾಗುತ್ತದೆ. ಎರಡೂ ಜಾತಿಗಳ ಗಂಡಿನಲ್ಲಿ ಗುದದ ಈಜುರೆಕ್ಕೆ ಉದ್ದನೆಯ ಕಡ್ಡಿಯಂತೆ ಮಾರ್ಪಟ್ಟಿರುತ್ತದೆ. ಒಂದು ಮೀನಿನಲ್ಲಿ ಆ ಕಡ್ಡಿ ಕಂಡರೆ ಅದು ಮಿನ್ನೋ ಅಲ್ಲವೇ ಅಲ್ಲ.

ಚಿತ್ರ ನೋಡಿ ಹೆಣ್ಣು ಗಪ್ಪಿಯೋ ಗ್ಯಾಂಬೂಸಿಯಾವೋ ಎಂದು ಖಚಿತವಾಗಿ ಹೇಳುವುದು ಕಷ್ಟ. ಆದರೆ ನಮ್ಮ ಪ್ರಶ್ನೆಗೆ ಅಷ್ಟು ಬೇಕಾಗಿಲ್ಲ. ಎರಡೂ ಇಲ್ಲಿಯವಲ್ಲ.

ಇವು ಇಲ್ಲಿಗೆ ಬಂದದ್ದು ಹೇಗೆ?

ನಾವೇ ತಂದದ್ದು. ಸೊಳ್ಳೆಯ ಲಾರ್ವಾಗಳನ್ನು ತಿನ್ನುತ್ತವೆ ಎಂಬ ಕಾರಣಕ್ಕೆ 20ನೇ ಶತಮಾನದ ಆರಂಭದಲ್ಲಿ ಗಪ್ಪಿಯನ್ನು, 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯಾವನ್ನು ಭಾರತಕ್ಕೆ ತರಲಾಯಿತು. ಆಗ ಮಲೇರಿಯಾ ದೇಶವನ್ನು ಹಿಂಡುತ್ತಿತ್ತು, ಉದ್ದೇಶ ತಪ್ಪಾಗಿರಲಿಲ್ಲ. ಇಂದಿಗೂ ರೋಗವಾಹಕ ಸೊಳ್ಳೆಗಳ ನಿಯಂತ್ರಣ ಕಾರ್ಯಕ್ರಮಗಳಲ್ಲಿ ಈ ಮೀನುಗಳನ್ನು ಬಳಸುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಮಲೇರಿಯಾ ಸೊಳ್ಳೆ ಬೆಳೆಯುತ್ತಿದ್ದ ಬಾವಿಗಳಿಗೆ ಇಂತಹ ಮೀನು ಬಿಟ್ಟು, ಲಾರ್ವಾಗಳು ಕಡಿಮೆಯಾದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಬಾವಿಯ ಮೀನು ಬಾವಿಯಲ್ಲೇ ಇರುತ್ತದೆ. ಕೆರೆ, ಕಾಲುವೆಗೆ ಬಿಟ್ಟ ಮೀನು ಹಾಗಲ್ಲ. ಮಳೆಗಾಲದಲ್ಲಿ ಕೋಡಿ ಹರಿದಾಗ ಅದು ಮುಂದಿನ ಕೆರೆಗೆ, ಅಲ್ಲಿಂದ ಹಳ್ಳಕ್ಕೆ, ನದಿಗೆ ಸಾಗುತ್ತದೆ. ಮನೆಯ ಅಕ್ವೇರಿಯಂ ಸಾಕಾಯಿತೆಂದು ಕೆರೆಗೆ ಸುರಿದವರ ಪಾಲೂ ಇದರಲ್ಲಿದೆ.

ದುಂಡು ಬಾಲ ಇದ್ದರೆ ಹೊರಗಿನ ಮೀನು ಎಂದು ತೀರ್ಮಾನಿಸಬಹುದೇ?

ಆತುರ ಬೇಡ. ನಮ್ಮದೇ ಆದ ಒಂದು ಮೀನು ನೋಡಲು ಸ್ವಲ್ಪ ಹೀಗೆಯೇ ಇದೆ. ಅದು ಆಪ್ಲೋಕೈಲಸ್, ಅಕ್ವೇರಿಯಂ ಅಂಗಡಿಗಳಲ್ಲಿ ‘ಪ್ಯಾಂಚಾಕ್ಸ್’. ಚಪ್ಪಟೆ ತಲೆ, ಮೇಲ್ಮುಖ ಬಾಯಿ, ಹಿಂದಕ್ಕೆ ಸರಿದ ಬೆನ್ನಿನ ರೆಕ್ಕೆ, ಸೀಳದ ಬಾಲ ಎಲ್ಲವೂ ಇವೆ. ಆದರೆ ಅದರ ನೆತ್ತಿಯ ಮೇಲೆ ಹೊಳೆಯುವ ಒಂದು ಬಿಳಿ ಚುಕ್ಕೆ ಇರುತ್ತದೆ. ಮೇಲಿನಿಂದ ನೋಡಿದರೆ ನೀರಿನಲ್ಲಿ ಸಣ್ಣ ದೀಪ ಹೊತ್ತಿಸಿದಂತೆ ಕಾಣುತ್ತದೆ. ಮೈಮೇಲೆ ಹೊಳೆಯುವ ಚುಕ್ಕೆಗಳ ಸಾಲು, ಹಿಂಭಾಗದಲ್ಲಿ ಅಡ್ಡ ಪಟ್ಟೆಗಳು, ಉದ್ದವಾದ ಗುದದ ಈಜುರೆಕ್ಕೆ ಇವೆ. ಇದು ಮೊಟ್ಟೆ ಇಡುವ ಮೀನು. ಸೊಳ್ಳೆಯ ಲಾರ್ವಾ ಇದಕ್ಕೂ ಇಷ್ಟದ ಊಟ.

ಒಟ್ಟಿನಲ್ಲಿ ಗುರುತಿಸುವ ಕ್ರಮ ಹೀಗಿದೆ:

ಮೊದಲು ಬಾಲ ನೋಡಿ. ಕತ್ತರಿಯಂತೆ ಸೀಳಿದ್ದರೆ ಮಿನ್ನೋ ಬಳಗದ್ದು ಇರಬಹುದು. ಆಗ ಪಟ್ಟೆಗಳನ್ನು ಎಣಿಸಿ. ಒಂದೇ ಕಪ್ಪು ಪಟ್ಟೆಯಾದರೆ ರಾಸ್ಬೋರಾ, ಬಾಲದವರೆಗೆ ಹಲವು ನೀಲಿ ಪಟ್ಟೆಗಳಾದರೆ ಜೀಬ್ರಾ ಮೀನು, ಅಗಲ ಮೈಯಲ್ಲಿ ನೀಲಿ ಹಳದಿ ಪಟ್ಟೆಗಳಾದರೆ ಡೆವಾರಿಯೊ ಕಡೆಗೆ ಯೋಚಿಸಿ. ಪಟ್ಟೆಯೇ ಇಲ್ಲದೆ ಮೈ ಅಗಲವಾಗಿದ್ದು ಕಪ್ಪು ಚುಕ್ಕೆ ಇದ್ದರೆ ಅದು ಪುಂಟಿಯಸ್ ಗುಂಪಿನ ಮೀನು ಇರಬಹುದು, ಅಥವಾ ನಿಜಕ್ಕೂ ದೊಡ್ಡ ಗೆಂಡೆಯ ಮರಿ ಇರಬಹುದು.

ಬಾಲ ಸೀಳಿಲ್ಲದಿದ್ದರೆ ನೆತ್ತಿ ನೋಡಿ. ಹೊಳೆಯುವ ಚುಕ್ಕೆ ಇದ್ದರೆ ಪ್ಯಾಂಚಾಕ್ಸ್. ಚುಕ್ಕೆ ಇಲ್ಲದೆ, ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಕಲೆಯೋ ಗಂಡಿನ ಕಡ್ಡಿಯಂತಹ ರೆಕ್ಕೆಯೋ ಇದ್ದರೆ ಗಪ್ಪಿ ಅಥವಾ ಗ್ಯಾಂಬೂಸಿಯಾ.

ಮೀನು ಇದೆ ಎಂದರೆ ನೀರು ಶುದ್ಧ ಎಂದರ್ಥವೇ?

ಇಲ್ಲ. ‘ಮೀನು ಬದುಕಿದೆಯಲ್ಲ, ನೀರು ಅಷ್ಟೇನೂ ಕೆಟ್ಟಿಲ್ಲ’ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಯಾವ ಮೀನು ಎಂದು ಕೇಳದೆ ಈ ಮಾತಿಗೆ ಬೆಲೆ ಇಲ್ಲ.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕದಿಂದ. 25 ಡಿಗ್ರಿ ಉಷ್ಣತೆಯ ಶುದ್ಧ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. ಬೆಂಗಳೂರಿನ ಎತ್ತರದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಕೊಳಚೆ ಸೇರಿದಾಗ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಈ ಆಮ್ಲಜನಕವನ್ನು ಬಳಸಿಬಿಡುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆ ಮತ್ತು ವನ್ಯಜೀವಿಗಳಿಗೆ ಯೋಗ್ಯವಾದ ನೀರು ‘ಡಿ’ ದರ್ಜೆಯದು. ಅದರಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು.

ಗಪ್ಪಿ, ಗ್ಯಾಂಬೂಸಿಯಾಗಳು ಇದಕ್ಕಿಂತ ಕೆಟ್ಟ ನೀರಿನಲ್ಲೂ ಬದುಕಿ ಉಳಿಯುತ್ತವೆ. ಗಾಳಿಗೆ ತಾಗಿದ ಮೇಲ್ಪದರದ ನೀರಿನಲ್ಲಿ ಮಾತ್ರ ಸ್ವಲ್ಪ ಆಮ್ಲಜನಕ ಇರುತ್ತದೆ. ಮೇಲ್ಮುಖ ಬಾಯಿ, ಚಪ್ಪಟೆ ತಲೆ ಇರುವುದರಿಂದ ಅವು ಆ ತೆಳು ಪದರದ ನೀರನ್ನೇ ಎಳೆದುಕೊಂಡು ಕಿವಿರುಗಳಿಗೆ ಹಾಯಿಸುತ್ತವೆ. ಕಾಲುವೆಯಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅವು ಆಟವಾಡುತ್ತಿಲ್ಲ, ಉಸಿರಿಗೆ ಕಷ್ಟಪಡುತ್ತಿವೆ ಎಂದು ತಿಳಿಯಬೇಕು.

ಅಂತಹ ನೀರಿನ ಮೀನನ್ನು ತಿನ್ನುವುದೂ ಸುರಕ್ಷಿತವಲ್ಲ. ಕೈಗಾರಿಕೆಗಳ ತ್ಯಾಜ್ಯ ಸೇರುವ ಕಡೆ ಭಾರಲೋಹಗಳು ಮೀನಿನ ದೇಹದಲ್ಲಿ ಸಂಗ್ರಹವಾಗಬಹುದು. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಲೋಹ ಹೋಗುವುದಿಲ್ಲ.

ಮಿನ್ನೋಗಳಿಗೆ ಎಂತಹ ತೊರೆ ಬೇಕು?

ಒಂದು ಒಳ್ಳೆಯ ತೊರೆಯನ್ನು ನೋಡಿದರೆ ಅದರಲ್ಲಿ ಒಂದೇ ಬಗೆಯ ನೀರು ಇರುವುದಿಲ್ಲ. ಒಂದು ಕಡೆ ಕಲ್ಲುಗಳ ಮೇಲೆ ನೀರು ಹಾರಿ ನೊರೆಗಟ್ಟುತ್ತದೆ, ಅಲ್ಲಿ ಗಾಳಿ ಬೆರೆಯುತ್ತದೆ. ಮುಂದೆ ಮೊಣಕಾಲುದ್ದದ ಗುಂಡಿ, ಅಲ್ಲಿ ನೀರು ನಿಧಾನ. ಅಂಚಿನಲ್ಲಿ ಹುಲ್ಲು, ಜೊಂಡು, ಹೊಂಗೆ ಮರದ ಬೇರು, ನೆರಳು. ತಳದಲ್ಲಿ ಮರಳು ಮತ್ತು ಜಲ್ಲಿ. ಡೆವಾರಿಯೊ ಹರಿವಿನ ಬಳಿ ನಿಲ್ಲುತ್ತದೆ. ರಾಸ್ಬೋರಾ ಗುಂಡಿಯ ಮೇಲ್ಭಾಗ, ಮಧ್ಯಭಾಗದಲ್ಲಿ ಗುಂಪಾಗಿ ಓಡಾಡುತ್ತದೆ. ಜೀಬ್ರಾ ಮೀನು ಅಂಚಿನ ಆಳವಿಲ್ಲದ, ನಿಂತಂತಿರುವ ನೀರನ್ನು, ಗದ್ದೆಯ ಕಾಲುವೆಯನ್ನು ಹುಡುಕಿಕೊಂಡು ಹೋಗುತ್ತದೆ. ಹೆಚ್ಚಾಗಿ ಮಳೆಗಾಲದಲ್ಲಿ ಮೊಟ್ಟೆ ಇಡುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಮೊಟ್ಟೆಯದು. ಜೀಬ್ರಾ ಮೀನು ಮೊಟ್ಟೆಗಳನ್ನು ನೀರಿನಲ್ಲಿ ಚೆಲ್ಲಿ ಹೊರಟುಹೋಗುತ್ತದೆ. ಒಂದು ಮಿಲಿಮೀಟರಿಗಿಂತ ಸಣ್ಣದಾದ ಅವು ತಳಕ್ಕೆ ಇಳಿದು ಜಲ್ಲಿಯ ಸಂದಿಯಲ್ಲೋ ಗಿಡಗಳ ಬುಡದಲ್ಲೋ ಕೂರುತ್ತವೆ. ಮರಿ ಹೊರಬರಲು ಎರಡು ಮೂರು ದಿನ ಬೇಕು. ಅಷ್ಟು ಹೊತ್ತು ತಳದ ನೀರಿನಲ್ಲಿ ಆಮ್ಲಜನಕ ಇರಬೇಕು, ಮೊಟ್ಟೆಯ ಮೇಲೆ ಕೆಸರು ಕೂರಬಾರದು. ಕಾಂಕ್ರೀಟ್ ಹಾಕಿದ ರಾಜಕಾಲುವೆಯಲ್ಲಿ ಜಲ್ಲಿ ಇಲ್ಲ, ಗಿಡ ಇಲ್ಲ, ಮಳೆ ಬಂದರೆ ನೀರು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ, ಮಳೆ ಇಲ್ಲದಾಗ ತಳದಲ್ಲಿ ಕಪ್ಪು ಕೆಸರು. ದೊಡ್ಡ ಮೀನು ಹೇಗೋ ನಾಲ್ಕು ದಿನ ತಡೆದುಕೊಂಡರೂ ಮೊಟ್ಟೆ ಉಳಿಯುವುದಿಲ್ಲ. ಮುಂದಿನ ತಲೆಮಾರೇ ಇಲ್ಲ.

ಗಪ್ಪಿ, ಗ್ಯಾಂಬೂಸಿಯಾಗಳು ಗೆಲ್ಲುವುದು ಇಲ್ಲೇ. ಅವುಗಳ ಮೊಟ್ಟೆ ತಾಯಿಯ ಹೊಟ್ಟೆಯೊಳಗೇ ಬೆಳೆಯುತ್ತದೆ. ಮೂರು ನಾಲ್ಕು ವಾರಗಳಿಗೊಮ್ಮೆ ಈಜಬಲ್ಲ ಮರಿಗಳೇ ಹೊರಬರುತ್ತವೆ. ತಳ ಹೇಗಿದ್ದರೂ ಅವುಗಳಿಗೆ ಚಿಂತೆಯಿಲ್ಲ.

ಪಶ್ಚಿಮ ಬೆಂಗಳೂರಿನಲ್ಲಿ ಅಂತಹ ತೊರೆ ಇತ್ತೇ?

ಇತ್ತು. ಅದರ ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆ ಎಂಬ ನಂಬಿಕೆಯಿಂದ ಆ ಹೆಸರು ಬಂತು. ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಸ್ಥಾನದ ಕಡೆಯಿಂದಲೂ ಅದರ ಒಂದು ಕವಲು ಬರುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಾಲುವೆಗಳು ಇಳಿಯುವುದು ಇದೇ ಕಣಿವೆಗೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ, ನಾಯಂಡಹಳ್ಳಿ, ಕೆಂಗೇರಿ ದಾಟಿ, ಬಿಡದಿಯ ಬಳಿಯ ಬೈರಮಂಗಲ ಕೆರೆ ಸೇರಿ, ಕನಕಪುರದ ಕಡೆ ಅರ್ಕಾವತಿಗೆ ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ.

ಕೆಂಗೇರಿಯ ಸೇತುವೆ ಮೇಲೆ ಬಸ್ಸಿನಲ್ಲಿ ಹೋಗುವಾಗ ನಾವೆಲ್ಲ ಮೂಗು ಮುಚ್ಚಿಕೊಳ್ಳುವ ‘ಮೋರಿ’ ಒಂದು ನದಿ ಎಂಬುದು ಇಂದಿನ ಮಕ್ಕಳಿಗೆ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಅದರ ಮೇಲೆ ಕಾಣುವ ಬಿಳಿ ನೊರೆ ತೊರೆಯ ಕಲ್ಲುಗಳ ಮೇಲೆ ಏಳುವ ನೊರೆಯಲ್ಲ. ಸೋಪು, ಡಿಟರ್ಜೆಂಟ್ ಬೆರೆತ ಕೊಳಚೆಯ ನೊರೆ.

ಅರ್ಕಾವತಿಯ ಮೇಲ್ಭಾಗದ ಕಥೆ ಬೇರೆ. ಬೆಂಗಳೂರಿಗೆ 19ನೇ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ಕುಡಿಯುವ ನೀರು ಕೊಟ್ಟ ನದಿ ಅದು. ಮಂಚನಬೆಲೆ ಜಲಾಶಯ ಇರುವುದೂ ಅದರ ಮೇಲೆಯೇ. ಆ ಕಡೆಯ ಹಳ್ಳಗಳಲ್ಲಿ ಕಲ್ಲು, ಮರಳು, ನೆರಳು ಇನ್ನೂ ಉಳಿದಿರುವ ತಾಣಗಳಿವೆ. ನಮ್ಮ ಓದುಗರ ಮಗ ಮೀನು ಬಿಡಬೇಕೆಂದಿದ್ದು ಅಂತಹ ಜಾಗದಲ್ಲಿ.

ಅಲ್ಲಿಗೆ ಮೂರು ಮೀನು ಬಿಟ್ಟರೆ ಏನಾಗುತ್ತದೆ?

ಮೂರೇ ಅಲ್ಲವೇ ಎನಿಸಬಹುದು. ಆದರೆ ಈ ಜಾತಿಗಳ ಹೆಣ್ಣು ಒಮ್ಮೆ ಗಂಡಿನ ಜೊತೆ ಕೂಡಿದರೆ ವೀರ್ಯವನ್ನು ದೇಹದಲ್ಲಿ ಕೂಡಿಟ್ಟುಕೊಂಡು ಹಲವು ಬಾರಿ ಮರಿ ಹಾಕಬಲ್ಲದು. ಹಾಗಾಗಿ ಒಂದು ಬಸುರಿ ಮೀನು ಸಾಕು, ಹೊಸ ಜಾಗದಲ್ಲಿ ಒಂದು ಸಂತತಿ ಶುರುವಾಗಲು.

ಗ್ಯಾಂಬೂಸಿಯಾ ಸೊಳ್ಳೆಯ ಲಾರ್ವಾಗಳನ್ನಷ್ಟೇ ತಿನ್ನುವುದಿಲ್ಲ. ಬೇರೆ ಮೀನುಗಳ ಮೊಟ್ಟೆ, ಆಗಷ್ಟೇ ಹುಟ್ಟಿದ ಮರಿ, ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ತನಗಿಂತ ದೊಡ್ಡ ಮೀನುಗಳ ರೆಕ್ಕೆ ಕಚ್ಚಿ ಗಾಯ ಮಾಡುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ಪಟ್ಟಿ ಮಾಡಿರುವ ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳಲ್ಲಿ ಇದೂ ಒಂದು. ಇದರ ಜೊತೆಗೆ ಕಾಲುವೆಯ ಮೀನಿನ ಮೈಮೇಲೆ, ಕರುಳಿನಲ್ಲಿ ಇರುವ ಪರಾವಲಂಬಿ ಹುಳುಗಳೂ ಹೊಸ ನೀರಿಗೆ ಹೋಗುತ್ತವೆ.

ಹೆತ್ತ ಮೊಟ್ಟೆಯನ್ನು ಕಾಯದೆ ಬಿಟ್ಟುಹೋಗುವ ಜೀಬ್ರಾ ಮೀನಿನ ಪಕ್ಕದಲ್ಲಿ ಮೊಟ್ಟೆ ತಿನ್ನುವ ಮೀನನ್ನು ಇಟ್ಟಂತೆ ಇದು. ಹಾನಿ ಒಂದೇ ದಿನದಲ್ಲಿ ಕಾಣುವುದಿಲ್ಲ. ಆದರೆ ಹಳ್ಳದಿಂದ ಅವನ್ನು ಮತ್ತೆ ಆರಿಸಿ ತೆಗೆಯುವುದು ಹೆಚ್ಚೂಕಡಿಮೆ ಅಸಾಧ್ಯ.

ಕಾಲುವೆಗೆ ಮೀನು ಬಿಟ್ಟರೆ ಡೆಂಗಿ ತಡೆಯಬಹುದೇ?

ಇದರಿಂದ ಹೆಚ್ಚು ಪ್ರಯೋಜನ ನಿರೀಕ್ಷಿಸಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮುಖ್ಯವಾಗಿ ಮೊಟ್ಟೆ ಇಡುವುದು ಮನೆಯ ಸುತ್ತಲಿನ ಸಣ್ಣ, ತಿಳಿಯಾದ ನೀರಿನಲ್ಲಿ. ಮುಚ್ಚಳವಿಲ್ಲದ ಡ್ರಮ್, ಸಂಪು, ಕೂಲರ್, ಹೂಕುಂಡದ ತಟ್ಟೆ, ಹಳೆಯ ಟೈರು ಅದರ ಜಾಗಗಳು. ಕೊಳಚೆ ಕಾಲುವೆಯಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆ. ಮೋರಿಗೆ ಮೀನು ಬಿಟ್ಟು ತಾರಸಿಯ ಡ್ರಮ್ ತೆರೆದಿಟ್ಟರೆ ಡೆಂಗಿಯ ಅಪಾಯ ಹಾಗೆಯೇ ಇರುತ್ತದೆ. ವಾರಕ್ಕೊಮ್ಮೆ ನೀರು ಖಾಲಿ ಮಾಡಿ ತಿಕ್ಕಿ ತೊಳೆಯುವುದು, ಮುಚ್ಚಳ ಹಾಕುವುದು ಹೆಚ್ಚು ಉಪಯುಕ್ತ. ಬಡಾವಣೆಯ ಸಂಘಗಳು ಕೆರೆಗೆ ಮೀನು ಬಿಡುವ ಯೋಚನೆ ಮಾಡಿದ್ದರೆ ತಾವಾಗಿಯೇ ಬಿಡದೆ ಮೊದಲು ಮೀನುಗಾರಿಕೆ ಇಲಾಖೆ ಮತ್ತು ಆರೋಗ್ಯ ಇಲಾಖೆಯವರನ್ನು ಕೇಳಲಿ.

ಮೀನು ಸಿಕ್ಕರೆ ಏನು ಮಾಡಬೇಕು?

ಮಕ್ಕಳಿಗೆ ಮೀನು ನೋಡುವ ಆಸೆ ಇದ್ದರೆ ತಡೆಯಬೇಡಿ, ಜಾಗ ಬದಲಿಸಿ. ರಾಜಕಾಲುವೆಗೆ ಇಳಿಯುವುದು ಬೇಡವೇ ಬೇಡ. ಕೊಳಚೆಯಿಂದ ಸೋಂಕು ತಗುಲಬಹುದು, ದೂರದಲ್ಲೆಲ್ಲೋ ಮಳೆಯಾದರೂ ನಿಮಿಷಗಳಲ್ಲಿ ನೀರು ಏರಬಹುದು. ಮಂಚನಬೆಲೆಯಲ್ಲೂ ನೀರಿಗಿಳಿದವರು ಮುಳುಗಿದ ಘಟನೆಗಳು ನಡೆದಿವೆ, ಅಲ್ಲಿ ದಡದಿಂದಲೇ ನೋಡಬೇಕು.

ಆಳವಿಲ್ಲದ ಹಳ್ಳದ ಅಂಚಿನಲ್ಲಿ, ದೊಡ್ಡವರ ಜೊತೆಯಲ್ಲಿ, ಪಾರದರ್ಶಕ ಡಬ್ಬಿಗೆ ಅಲ್ಲಿನದೇ ನೀರು ತುಂಬಿ ಮೀನನ್ನು ಎರಡು ನಿಮಿಷ ಇಟ್ಟುಕೊಳ್ಳಿ. ಹಿಂದೆ ಬಿಳಿ ಕಾಗದ ಹಿಡಿದು ಪಕ್ಕದಿಂದ ಒಂದು, ಮೇಲಿನಿಂದ ಒಂದು ಚಿತ್ರ ತೆಗೆಯಿರಿ. ಪಕ್ಕದಲ್ಲಿ ಸ್ಕೇಲು ಇಡಿ. ಬಾಲ, ಪಟ್ಟೆ, ಮೀಸೆ, ರೆಕ್ಕೆಯ ಜಾಗ ಕಾಣಬೇಕು. ದಿನಾಂಕ, ಜಾಗ, ನೀರು ಹರಿಯುತ್ತಿತ್ತೇ ನಿಂತಿತ್ತೇ, ತಳ ಮರಳೋ ಕೆಸರೋ ಎಂದು ಬರೆದಿಡಿ. ಆಮೇಲೆ ಅದೇ ಜಾಗದಲ್ಲಿ ಬಿಟ್ಟು, ಸೋಪಿನಿಂದ ಕೈ ತೊಳೆಯಿರಿ. ಐನ್ಯಾಚುರಲಿಸ್ಟ್‌ನಂತಹ ತಾಣಕ್ಕೆ ಚಿತ್ರ ಹಾಕಿದರೆ ಮೀನು ಬಲ್ಲವರು ಗುರುತಿಸಲು ನೆರವಾಗುತ್ತಾರೆ. ನಿಮ್ಮ ದಾಖಲೆ ಮುಂದೆ ಸಂಶೋಧಕರಿಗೂ ಉಪಯೋಗಕ್ಕೆ ಬರುತ್ತದೆ.

ಆಗಲೇ ಮನೆಗೆ ತಂದಿರುವ ಗಪ್ಪಿಯನ್ನು ಕೆರೆ, ಹಳ್ಳ, ಮೋರಿ ಯಾವುದಕ್ಕೂ ಸುರಿಯಬೇಡಿ. ತೊಟ್ಟಿಯಲ್ಲಿ ಸಾಕಿಕೊಳ್ಳಿ. ತೊಟ್ಟಿಯ ನೀರು ಬದಲಿಸುವಾಗ ಮರಿಗಳು ಹೊರಹೋಗದಂತೆ ಬಟ್ಟೆಯಲ್ಲಿ ಸೋಸಿ, ಆ ನೀರನ್ನು ಗಿಡಗಳಿಗೆ ಹಾಕಿ.

ನಮ್ಮ ತೀರ್ಮಾನ

ಕಾಲುವೆಯ ದುಂಡು ಬಾಲದ ಬೂದು ಮೀನು ಮಿನ್ನೋ ಅಲ್ಲ, ಅದು ಇರುವುದು ಶುದ್ಧ ನೀರಿನ ಗುರುತೂ ಅಲ್ಲ. ಅದನ್ನು ಒಳ್ಳೆಯ ತೊರೆಗೆ ಬಿಡುವುದು ತಪ್ಪು. ಇದನ್ನೇ ನಾವು ಆ ಓದುಗರಿಗೆ ತಿಳಿಸಿದೆವು. ಮೀನುಗಳು ಈಗ ಅವರ ಮನೆಯ ಸಿಮೆಂಟ್ ತೊಟ್ಟಿಯಲ್ಲಿವೆ. ಎರಡು ವಾರದಲ್ಲಿ ಮೂರು ಹದಿನೆಂಟಾಗಿವೆ ಎಂದು ತಿಳಿಸಿದರು. ಹಳ್ಳಕ್ಕೆ ಬಿಟ್ಟಿದ್ದರೆ ಆ ಹದಿನೆಂಟೂ ಅಲ್ಲಿರುತ್ತಿದ್ದವು ಎಂದು ಹುಡುಗ ತಾನೇ ಲೆಕ್ಕ ಹಾಕಿ ಹೇಳಿದನಂತೆ.